ಬಿಸಿನೀರಿನ ಕೊಳದಲ್ಲಿ ಹರಳೆಣ್ಣೆ

ನಮ್ಮತ್ತೆ ಚಿಕ್ಕತಾಯಮ್ಮನವರ ಬಲಗೈ ಮೇಲೇಳದೇ ಹೋದದ್ದು ನನ್ನ ಮಗಳ ದೆಸೆಯಿಂದ. ಬಾಣಂತನಕ್ಕೆಂದು ಮಂಡ್ಯದಿಂದ ಜರ್ಮನಿಯ ಮ್ಯಾನ್‌ಹೈಮ್‌ಗೆ ಬಂದವರು, ಫೆಬ್ರವರಿಯಲ್ಲಿ ಮಗುವನ್ನೆತ್ತಿಕೊಂಡು ಹೊರಗೆ ಹೊರಟಾಗ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿದರು. ಮಗುವನ್ನು ಎದೆಗವುಚಿಕೊಂಡು, ಭುಜ ಕೊಟ್ಟು ಬಿದ್ದರು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಇವರ ಮುರಿದ ಮೂಳೆ ಕೂಡಿಕೊಂಡಿತು, ಆದರೆ ಭುಜ ಬಿಗಿದುಕೊಂಡುಬಿಟ್ಟಿತು. ತಲೆ ಬಾಚಿಕೊಳ್ಳಲೂ ಕೈ ಏಳದು. ಬೆಚ್ಚನೆ ನೀರಿನಲ್ಲಿ ವ್ಯಾಯಾಮ ಮಾಡದಿದ್ದರೆ ಕೈ ಹೀಗೇ ಉಳಿದೀತು ಎಂದರು ಡಾಕ್ಟರು. ಅತ್ತೆ-ಸೊಸೆ ಎಂದರೆ ಹಾವು-ಮುಂಗುಸಿ ಅನ್ನುವವರು ನನ್ನ ಆ ದಿನಗಳ ಸಂಕಟ ನೋಡಬೇಕಿತ್ತು.

ಊರಿನ ಹಾಲೆನ್‌ಬಾಡ್ ಎಂಬ ಒಳಾಂಗಣ ಈಜುಮನೆಯಲ್ಲಿ ಮಂಗಳವಾರ ಬೆಳಿಗ್ಗೆ ಬಿಸಿನೀರಿನ ಕೊಳ ಹಿರಿಯ ಹೆಂಗಸರಿಗೆ ಮೀಸಲು. ಆ ದಿನ ನನ್ನ ಗಂಡ ತೇಜಸ್ವಿಗೆ ಹೋಮ್ ಆಫೀಸ್. ಮಗುವನ್ನು ಅವನ ಮಡಿಲಿಗೆ ಹಾಕಿ ಅತ್ತೆಯನ್ನು ಹೊರಡಿಸಿದೆ. ಕೈಕಾಲು ಮುಚ್ಚುವ ಈಜುಡುಗೆ ತೊಡಿಸಲು ನನಗೆ ಒಂದು ವಾರದ ಪುಸಲಾಯಿಸುವಿಕೆ ಬೇಕಾಗಿತ್ತು. ಷವರ್‌ಗಳ ಹತ್ತಿರ ಬರಿಮೈಯಲ್ಲಿ ನಿಂತ ಹೆಂಗಸರನ್ನು ಕಂಡದ್ದೇ ತಡ, ಕಣ್ಣು ಮುಚ್ಚಿಕೊಂಡು ಅವರನ್ನು ದಾಟಿ ನೇರವಾಗಿ ಕೊಳಕ್ಕೆ ಇಳಿದುಬಿಟ್ಟರು.

ಗಳಿಗೆಯೊಳಗೆ ನೀರಿನ ಮೇಲೆ ಏನೋ ಹೊಳೆಯತೊಡಗಿತು, ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ.

"ಅತ್ತೆ, ಏನ್ ಹಚ್ಕೊಂಡು ಬಂದ್ರಿ?"

"ಹರಳೆಣ್ಣೆ ಕಣವ್ವ. ನೀನೇ ಬಿಸ್ನೀರ್ ಸ್ನಾನ ಅಂದೆ. ಎಣ್ಣೆ ಹಚ್ಕೊಳ್ದೆ ಬಂದಾರಾ?"

ಬೆಳಿಗ್ಗೆ ಬಾಗಿಲು ಹಾಕಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ಎಡಗೈಯಲ್ಲೇ ತಿಕ್ಕಿಕೊಂಡಿದ್ದರಂತೆ!

ಬಾಡೆಮೈಸ್ಟರ್ ಸೀಟಿ ಊದಿದ. ಎಲ್ಲರೂ ಮೇಲೆ ಹತ್ತಬೇಕಾಯಿತು. ಕೊಳ ಕಾಯುವ ಆ ಮನುಷ್ಯ ನನ್ನತ್ತ ತಿರುಗಿ ನಿಯಮಗಳನ್ನೆಲ್ಲ ಒಪ್ಪಿಸಿದ. ಮನೆಯಲ್ಲಿ ಗಂಡನ ಬಾಯಿ ಮುಚ್ಚಿಸುವ ನಾನು ಆಗ ಕಲಿತ ಜರ್ಮನ್ನನ್ನೆಲ್ಲ ಮರೆತು ತಲೆ ತಗ್ಗಿಸಿ ನಿಂತೆ. ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ.

ಆಗ ಹಳದಿ ಟೋಪಿಯ ದಪ್ಪನೆಯ ಅಜ್ಜಿಯೊಬ್ಬರು ನಡುವೆ ಬಂದರು. ಹೆಸರು ಉರ್ಸುಲಾ, ಲ್ಯಾಟಿನ್ ಕಲಿಸಿ ನಿವೃತ್ತರಾದ ಮೇಡಮ್ಮು. ಅವರು ಜರ್ಮನ್ನಿನಲ್ಲಿ ಹೇಳಿದ್ದು ಇಷ್ಟು: "ಸಾಕು ಮಾಡಪ್ಪ. ಈ ಸೀಮೆಯಲ್ಲೆಲ್ಲ ರೋಮನ್ನರು ಸ್ನಾನದ ಮನೆ ಕಟ್ಟಿದ್ದರು. ಮೊದಲು ಎಣ್ಣೆ, ಆಮೇಲೆ ನೀರು, ಅದು ಅವರ ಪದ್ಧತಿ. ಆ ಲೆಕ್ಕದಲ್ಲಿ ಇವತ್ತು ಸರಿಯಾಗಿ ಸಿದ್ಧವಾಗಿ ಬಂದವರು ಇವರೊಬ್ಬರೇ."

ಸುತ್ತಲಿದ್ದವರು ನಕ್ಕರು. ಕೊಳ ಕಾಯುವವನಿಗೂ ನಗು ಬಂತು. ಮುಂದಿನ ವಾರ ಸೋಪು ಹಾಕಿ ತೊಳೆದುಕೊಂಡೇ ಇಳಿಯಬೇಕು ಎಂದು ಹೇಳಿ ಬಿಟ್ಟುಬಿಟ್ಟ. ಆ ಅಜ್ಜಿಯ ಕಾಲಿಗೆ ಅಲ್ಲೇ ಬೀಳೋಣ ಅನ್ನಿಸಿತು ನನಗೆ.

ಆದರೆ ಟ್ರಾಮ್ ಹತ್ತಿದ ಮೇಲೆ ಅತ್ತೆ ಕಿಟಕಿ ಕಡೆ ಮುಖ ಮಾಡಿದರು. "ನಾನಿನ್ ಬರಾಕಿಲ್ಲ. ನನ್ನಿಂದ ನೀನು ತಲೆ ತಗ್ಗಿಸ್ದೆ. ಈ ಕೈ ಹಿಂಗೇ ಇರ್ಲಿ ಬುಡು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನನ್ ಮಗಳಿಗೋಸ್ಕರ ಮುರ್ಕೊಂಡ ಕೈ ಅದು. ಹಿಂಗೇ ಇರ್ಲಿ ಅನ್ನೋಕೆ ನಿಮಗೇನ್ ಹಕ್ಕಿದೆ?" ಎಂದುಬಿಟ್ಟೆ. ಆಮೇಲೆ ಸಮಾಧಾನ ತಂದುಕೊಂಡು ಉರ್ಸುಲಾ ಹೊರಡುವಾಗ ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ರೋಮನ್ನರು ಮಧ್ಯಾಹ್ನ ಕೆಲಸ ಮುಗಿಸಿ ಸ್ನಾನದ ಮನೆಗೆ ಹೋಗುತ್ತಿದ್ದರು. ಎಣ್ಣೆ ಸವರಿ, ಬೆವರಿ, ಬಾಗಿದ ಲೋಹದ ಪಟ್ಟಿಯಿಂದ ಮೈ ಹೆರೆದುಕೊಳ್ಳುತ್ತಿದ್ದರು. ತಿಂಡಿ, ವ್ಯಾಪಾರ, ರಾತ್ರಿ ಊಟಕ್ಕೆ ಕರೆಯುವುದು ಎಲ್ಲ ಅಲ್ಲೇ.

"ಕಬ್ಣದಲ್ಲಿ ಹೆರ್ಕೊಳದಾ? ಪಾಪ, ಸೀಗೆಪುಡಿ ಸಿಕ್ತಿರ್ನಿಲ್ವೇನೋ." ಆಮೇಲೆ ಕಿಟಕಿಯಿಂದ ನನ್ನ ಕಡೆ ತಿರುಗಿ, "ದೊಡ್ಡೋರೂ ಬಡವ್ರೂ ಒಂದೇ ನೀರ್ಗೆ ಇಳೀತಿದ್ರಾ?"

"ಹೂಂ ಅಂತೆ."

"ದಿನಾ ಹೋಗಿ ಮಾತಾಡ್ಕಂಡ್ ಬತ್ತಿದ್ರಾ?"

ಆಗ ನನಗೆ ಹೊಳೆಯಿತು. ಬಂದಾಗಿನಿಂದ ಇವರಿಗೆ ಮಾತಿಗಿದ್ದದ್ದು ನಾವಿಬ್ಬರು, ಒಂದು ಹಸುಗೂಸು. ಕೈಯಷ್ಟೇ ಅಲ್ಲ, ಬಾಯಿಯೂ ಬಿಗಿದುಕೊಂಡಿತ್ತು.

ಮುಂದಿನ ಮಂಗಳವಾರ ಅವರೇ ಮೊದಲು ಹೊರಟು ನಿಂತರು. ಸೋಪು ಹಾಕಿ ತೊಳೆದುಕೊಂಡೇ ಇಳಿದರು. ನೀರಿನಿಂದ ಎದ್ದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಉರ್ಸುಲಾ ಎಣ್ಣೆ ಕೇಳಿದರು. ಅತ್ತೆ ಸೀಸೆ ತೆಗೆದು ಎಡಗೈಯಲ್ಲಿ ಅವರ ಮಂಡಿ ತಿಕ್ಕಿದರು, ಉರ್ಸುಲಾ ಇವರ ಭುಜ ನೀವಿದರು. ಮೊದಮೊದಲು ನಡುವೆ ನಿಂತು ನಾನು ಎರಡು ಭಾಷೆಗಳಲ್ಲೂ ಗಂಟಲು ಒಣಗಿಸಿಕೊಂಡೆ. ಬರಬರುತ್ತಾ ನನ್ನ ಮಾತಿಗೆ ಯಾರೂ ಕಾಯದೇ ಹೋದರು. "ನೀನು ಹೊರ್ಗಡೆ ಕೂತ್ಕೊ ಮಗ" ಎಂದರು ಅತ್ತೆ.

ಜೂನ್‌ನಲ್ಲಿ ಬೇಸಿಗೆ ಕಾಲಿಟ್ಟ ಮೇಲೆ ಒಂದು ದಿನ, ಹೊತ್ತಾಯಿತೆಂದು ಶೂ ಬಿಚ್ಚಿ ಕೊಳದ ಅಂಚಿಗೆ ಹೋದೆ. ಎದೆಮಟ್ಟದ ನೀರಿನಲ್ಲಿ ಆರೇಳು ಹೆಂಗಸರು ಗುಂಪಾಗಿ ನಿಂತಿದ್ದರು. ನಡುವೆ ನಮ್ಮತ್ತೆ ತಮ್ಮ ತಂಗಿಯ ಮದುವೆಯಲ್ಲಿ ಬೀಗರು ಮುನಿಸಿಕೊಂಡದ್ದನ್ನು ಅಪ್ಪಟ ಮಂಡ್ಯದ ಕನ್ನಡದಲ್ಲಿ ಹೇಳುತ್ತಿದ್ದರು. ಉರ್ಸುಲಾ "ಯಾ, ಯಾ" ಎಂದು ಹೂಂಗುಟ್ಟುತ್ತಾ ಕಣ್ಣರಳಿಸುತ್ತಿದ್ದರು.

"ಅತ್ತೆ, ಟೈಮಾಯ್ತು. ಟ್ರಾಮ್ ಹೋಗ್ಬಿಡುತ್ತೆ."

ಅವರು ತಿರುಗಿಯೂ ನೋಡಲಿಲ್ಲ. "ಹೋಗವ್ವ ನೀನು, ಮಾತು ಇನ್ನೂ ಮುಗ್ದಿಲ್ಲ" ಎಂದು ನನ್ನತ್ತ ಕೈ ಬೀಸಿದರು. ಬಲಗೈ. ಅದು ತಲೆಗಿಂತಲೂ ಮೇಲಕ್ಕೆ ಹೋಗಿತ್ತು, ಮೊಳಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ, ಬೀಗರ ಮುನಿಸು ಮುಂದುವರಿಯಿತು. ಉರ್ಸುಲಾ ಮಾತ್ರ "ಯಾ" ನಿಲ್ಲಿಸಿ ನನ್ನ ಕಡೆ ನೋಡಿದರು.

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಟ್ರಾಮ್ ಹೋದರೆ ಹೋಗಲಿ.