ಸಾಲು ಬಿಡದ ಓದು

ಸಂಜೆ ದೇವಸ್ಥಾನದಲ್ಲಿ ತಾತ ರಾಗವಾಗಿ ಕಾವ್ಯ ಓದುವಾಗ ಅವರ ತೋರುಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯುತ್ತಿತ್ತು. ಶೃಂಗಾರ ಬರಲಿ, ಸಾವು ಬರಲಿ, ಆ ಬೆರಳು ಒಂದು ಸಾಲನ್ನೂ ಹಾರಿಸುತ್ತಿರಲಿಲ್ಲ. ಪದ್ಯ ಮುಗಿದೊಡನೆ ಪಕ್ಕದಲ್ಲಿದ್ದ ಶಾಮಣ್ಣನವರು ಅರ್ಥ ಹೇಳುತ್ತಿದ್ದರು. ಓದುವವರು ಅರ್ಥ ಹೇಳುವಂತಿಲ್ಲ, ಅರ್ಥ ಹೇಳುವವರು ಓದುವಂತಿಲ್ಲ. ಕಂಬಕ್ಕೊರಗಿ, ಕೈಮುಗಿದು ಕೇಳುತ್ತಲೇ ನಾನು ಬೆಳೆದೆ.

ಹತ್ತನೆಯ ತರಗತಿಯಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಗೆ ವಾರಿಜಾ ಟೀಚರ್ ಹೊಸದಾಗಿ ಬಂದರು. ವಿಜ್ಞಾನ ಪುಸ್ತಕದಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಪಾಠವೊಂದಿತ್ತು. "ಮನೇಲಿ ಓದ್ಕೊಳ್ಳಿ" ಎಂದು ಪುಟ ಮಗುಚುವುದೇ ಅಲ್ಲಿಯವರೆಗಿನ ರೂಢಿ.

ನನ್ನ ಪಕ್ಕದ ಪಂಕಜಾಳಿಗೆ ಆ ಪಾಠ ಬೇಕಿತ್ತು. ಮದುವೆಯಾದ ಅವಳ ಅಕ್ಕ ಇಂದುಮತಿ, ಹೇಳಿಕೊಳ್ಳಲಾಗದ ಜಾಗದಲ್ಲಿ ಹುಣ್ಣಾಗಿ ತವರಿಗೆ ಬಂದಿದ್ದಳು. ಮನೆಯವರು ಯಾವುದೋ ದೋಷವೆಂದು ಹರಕೆ ಹೊತ್ತು, ಅವಳನ್ನು ಹಿತ್ತಲ ಕೋಣೆಯಲ್ಲಿಟ್ಟಿದ್ದರು. ಗಂಡ ಬಂದು ನೋಡಿರಲಿಲ್ಲ.

"ಊಟಾನೇ ಬಿಟ್ಟಿದಾಳೆ ಕಣೇ. ಹೀಗೇ ಸತ್ತೋಗ್ತೀನಿ ಅಂತಾಳೆ," ಎಂದು ಪಂಕಜಾ ನನ್ನೊಬ್ಬಳಿಗೇ ಹೇಳಿದ್ದಳು.

ಟೀಚರ್ ಪಾಠ ತೆರೆದು ಓದಲು ಮೂವರನ್ನು ಎಬ್ಬಿಸಿದರು. ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳಿಗೆ ಕೆಮ್ಮು ಬಂತು, ಮತ್ತೊಬ್ಬಳು ಅತ್ತೇಬಿಟ್ಟಳು. ಟೀಚರೂ ಪುಸ್ತಕ ಮುಚ್ಚಿದರು. "ಹೋಗ್ಲಿ, ನಾಳೆ ನೋಡೋಣ." ಪಂಕಜಾ ನನ್ನ ಲಂಗದ ಅಂಚು ಹಿಡಿದು ಜಗ್ಗಿದಳು.

ನಾನು ಎದ್ದೆ. "ನಾನು ಓದ್ತೀನಿ ಟೀಚರ್."

"ಅಯ್ಯೋ, ಭಜನೆ ಅಮ್ಮ! ಕೊನೇಲಿ ಮಂಗಳಾರತೀನೂ ಮಾಡ್ತೀಯೇನೇ?" ಎಂದಳು ಹಿಂದಿನ ಬೆಂಚಿನ ಸುಗುಣಾ.

ನನಗೆ ಗೊತ್ತಿದ್ದುದು ಒಂದೇ ಬಗೆಯ ಓದು. ಬೆರಳನ್ನು ಸಾಲಿನ ಕೆಳಗಿಟ್ಟೆ. ಹೆದರಿಕೆಗೆ ಮೊದಲ ವಾಕ್ಯ ರಾಗವಾಗಿಯೇ ಹೊರಬಂತು! ತರಗತಿ ಗೊಳ್ಳೆಂದಿತು. ನಾನೂ ನಕ್ಕೆ, ಬೆರಳು ಮಾತ್ರ ತೆಗೆಯಲಿಲ್ಲ. ರಾಗ ಬಿಟ್ಟು, ಒಂದು ಪದವನ್ನೂ ನುಂಗದೆ ಸಿಫಿಲಿಸ್‌ನ ಭಾಗ ಮುಗಿಸಿ ಟೀಚರ ಮುಖ ನೋಡಿದೆ.

"ಅರ್ಥ ನೀವು ಹೇಳ್ಬೇಕು ಟೀಚರ್. ಓದಿದವರು ಹೇಳೋ ಹಾಗಿಲ್ಲ."

ಅವರು ಬೆರಗಾದರು, ಆಮೇಲೆ ಸೆರಗು ಬಿಗಿದು ಶುರುಮಾಡಿದರು. ನಾನು ಓದಿದೆ, ಅವರು ಬಿಡಿಸಿದರು. ಇಬ್ಬರು ಹಂಚಿಕೊಂಡ ಮೇಲೆ ನಾಚಿಕೆ ಯಾರ ಪಾಲಿಗೂ ಹೆಚ್ಚು ಉಳಿಯಲಿಲ್ಲ. ಮೊದಲ ಪ್ರಶ್ನೆ ಸುಗುಣಾಳದೇ: "ಇದು ಒಂದೇ ಲೋಟದಲ್ಲಿ ಕುಡಿದ್ರೆ ಬರತ್ತಾ ಟೀಚರ್?"

"ಇಲ್ಲಮ್ಮ. ದೈಹಿಕ ಸಂಬಂಧದಿಂದ ಬರತ್ತೆ. ಕಾಂಡೋಮ್ ಬಳಸಿದ್ರೆ ಅಪಾಯ ಬಹಳ ಕಮ್ಮಿ. ಎಷ್ಟೋ ಸಲ ಗುರುತೇ ಕಾಣಲ್ಲ, ಅದಕ್ಕೇ ಪರೀಕ್ಷೆ ಬೇಕು."

ಪಂಕಜಾ ಎದ್ದು ನಿಂತಳು. "ಬಂದವರಿಗೆ... ವಾಸಿ ಆಗತ್ತಾ?"

"ರಕ್ತ ಪರೀಕ್ಷೆ ಮಾಡಿ ಡಾಕ್ಟರು ಯಾವ ಕಾಯಿಲೆ ಅಂತ ಹೇಳ್ತಾರೆ. ಸಿಫಿಲಿಸ್ ಆದ್ರೆ ಇಂಜೆಕ್ಷನ್‌ಗೆ ವಾಸಿ. ಆದ್ರೆ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ತಗೋಬೇಕು, ಇಲ್ದಿದ್ರೆ ಮತ್ತೆ ಬರತ್ತೆ. ಇದು ಶಾಪ ಅಲ್ಲ ಕಣಮ್ಮ, ಕಾಯಿಲೆ."

ಅಂದು ಸಂಜೆ ಪಂಕಜಾ ಅದೇ ಪಾಠವನ್ನು ತನ್ನ ಅಪ್ಪನೆದುರು ಒಂದು ಸಾಲೂ ಬಿಡದೆ ಗಟ್ಟಿಯಾಗಿ ಓದಿದಳು. ಅವಳಿಂದ ವಿಷಯ ತಿಳಿದು, ಅರ್ಥ ಹೇಳಲು ವಾರಿಜಾ ಟೀಚರೇ ಜೊತೆಗೆ ಹೋಗಿದ್ದರು. ಹಿತ್ತಲ ಕೋಣೆಯ ಬಾಗಿಲು ತೆರೆಯಿತು. ಅಪ್ಪ ಮರುದಿನವೇ ಹೊರಟು ಅಳಿಯನನ್ನು ಕರೆತಂದರು.

ಕೆಲವು ತಿಂಗಳ ಮೇಲೆ, ಅವರಿಬ್ಬರ ಕೊನೆಯ ತಪಾಸಣೆಗೆ ನಾನೂ ಪಂಕಜಾಳೊಡನೆ ಹೋಗಿದ್ದೆ. "ಇಬ್ಬರೂ ಗುಣವಾಗಿದ್ದೀರಿ," ಎಂದು ಡಾಕ್ಟರು ಒಳಗೆ ನಡೆದರು. ಆಸ್ಪತ್ರೆಯ ಬೆಂಚಿನ ಮೇಲೆ ಇಂದುಮತಿಯ ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ಕುಳಿತಿದ್ದ. ಇಬ್ಬರ ನಡುವೆ ಅವನ ಕಪ್ಪು ಛತ್ರಿ ಅಡ್ಡ ಬಿದ್ದಿತ್ತು. ಇಂದುಮತಿ ಅದನ್ನು ಎತ್ತಿ ಗೋಡೆಗೆ ಒರಗಿಸಿದಳು.