ಅಂಜಲಿನ ತಲೆ

ಹೆಣ್ಣು ನೋಡಲು ಹೋದವನು ತೆಪ್ಪಗೆ ಗೋಳಿಬಜೆ ತಿಂದು ಬಂದಿದ್ದರೆ ಪ್ರೀತಮನಿಗೆ ಈ ಗತಿ ಬರುತ್ತಿರಲಿಲ್ಲ. ಮುಂಬಯಿಯ ಪರೇಲಿನ ಎ.ಸಿ. ಆಫೀಸು ಬಿಟ್ಟರೆ ಬೇರೆ ಗಾಳಿ ಕುಡಿದವನಲ್ಲ. ಆದರೆ ಹರಿಣಿಯನ್ನು ಕಂಡ ಖುಷಿಗೆ ನಾಲಿಗೆ ಹಿಡಿತ ತಪ್ಪಿತು. "ನಾವು ಉಡುಪಿಯ ಕಡಲಿನವರು ಆಂಟಿ. ಚಳಿಗಾಲದಲ್ಲಿ ಗಾಳ ಹಾಕದಿದ್ರೆ ನಂಗೆ ನಿದ್ರೆಯೇ ಬರುದಿಲ್ಲ."

ಹರಿಣಿಯ ತಾಯಿ ಶೀಲಾವತಿ ಚಹಾದ ಕಪ್ಪು ಕೆಳಗಿಟ್ಟರು. "ಹೌದಾ? ಹಾಗಾದ್ರೆ ಆದಿತ್ಯವಾರ ಒಂದು ಅಂಜಲ್ ಮೀನು ಹಿಡಿದು ತೋರ್ಸಿ. ಮದುವೆ ಮಾತು ಆಮೇಲೆ."

ಹಾಗೆ, ಸ್ವೆಟರ್ ಹಾಕಿಕೊಂಡವರೂ ಬೆವರುವ ಮುಂಬಯಿಯ ಜನವರಿಯಲ್ಲಿ, ಪ್ರೀತಮ್, ಹರಿಣಿ, ಶೀಲಾವತಿ ಮೂವರನ್ನೂ ಹೊತ್ತು ಭಾವುಚಾ ಧಕ್ಕೆಯಿಂದ ಹಿರಾಜಿಯ ದೋಣಿ ಹೊರಟಿತು. ಹಿರಾಜಿ ಶೋಕಿಯವರನ್ನು ಗಾಳ ಹಾಕಿಸಲು ಕರೆದೊಯ್ಯುವ ಗೈಡು. ಅವನಿಗೂ ಪ್ರೀತಮನಿಗೂ ಒಂದು ಗುಟ್ಟಿನ ಒಪ್ಪಂದವಿತ್ತು. ಬೆಳಿಗ್ಗೆ ಪ್ರೀತಮ್ ಚೆಂಬೂರಿನ ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ, ಮೂಸಿ, ಒಂದು ಇಡೀ ಅಂಜಲ್ ಆರಿಸಿದ್ದ. ಅಷ್ಟರಲ್ಲಿ ಹರಿಣಿಯ ಫೋನ್ ಬಂತೆಂದು ಆಚೆ ಹೋದ. ತಿರುಗಿ ಬರುವಾಗ ಮೀನಿನವಳು ಕಪ್ಪು ಚೀಲಕ್ಕೆ ಗಂಟು ಹಾಕಿ ಕೊಟ್ಟಳು. ಚೀಲ ಹಾಗೆಯೇ ಹಿರಾಜಿಯ ಕೈ ಸೇರಿತು. ದಾರದ ಸಿಕ್ಕು ಬಿಡಿಸುವ ನೆಪದಲ್ಲಿ ಮೀನನ್ನು ಗಾಳಕ್ಕೆ ಚುಚ್ಚಿ ನೀರಿಗೆ ಬಿಡುವುದು ಅವನ ಕೆಲಸ.

"ಸಿಕ್ಕಿತು!" ಎಂದು ಪ್ರೀತಮ್ ಕೂಗಿ, ಹಲ್ಲು ಕಚ್ಚಿ ಎಳೆದ.

ಮೇಲೆ ಬಂದದ್ದು ದುಂಡಗಿನ ಒಂದು ತುಂಡು. ನಡುವೆ ಬಿಳಿ ಮುಳ್ಳು, ಅಂಚಿಗೆ ಬೆಳ್ಳಿ ಚರ್ಮ. ಮಸಾಲೆ ಸವರಿ ಕಾವಲಿಗೆ ಹಾಕುವುದೊಂದೇ ಬಾಕಿ.

ಶೀಲಾವತಿ ತುಂಡನ್ನು ನೋಡಿದರು, ಸಮುದ್ರವನ್ನು ನೋಡಿದರು. "ಉಳಿದ ಮೀನು ಎಲ್ಲಿ?"

"ದೊಡ್ಡ ಮೀನು ಆಂಟಿ... ಒಮ್ಮೆಲೇ ಬರ್ಲಿಕ್ಕಿಲ್ಲ."

ಚಳಿಗಾಲದಲ್ಲಿ ಹೀಗೆ ತುಂಡು ತುಂಡಾಗಿಯೇ ಬರುವುದೆಂದು ಹಿರಾಜಿ ಹಿಂದಿಯಲ್ಲಿ ಗಂಭೀರವಾಗಿ ಸಾಕ್ಷಿ ನುಡಿದ.

ಎರಡನೆಯ ಸಲವೂ ತುಂಡೇ. ಮೂರನೆಯ ಸಲ, ಮೀನಿನವಳು ಪ್ರೀತಿಯಿಂದ ಪುಕ್ಕಟೆ ಹಾಕಿದ್ದ ಸಿಗಡಿ, ಸಿಪ್ಪೆ ಸುಲಿದದ್ದು.

"ಇದು ಅಂಗಿ ಬಿಚ್ಚಿಟ್ಟು ಬಂದದ್ದಾ?" ಎಂದರು ಶೀಲಾವತಿ.

ಹರಿಣಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. "ಮಮ್ಮಿ, ಛೋಡೋ ನಾ! ಪಾಪ, ಟ್ರೈ ಮಾಡ್ತಾ ಇದ್ದಾರೆ."

ಪ್ರೀತಮ್ ಗಾಳ ಕೆಳಗಿಟ್ಟ. ಮದುವೆ ಹೋದರೂ ಹೋಗಲಿ, ಇನ್ನೊಂದು ಸಿಗಡಿ ಎಳೆಯುವ ಧೈರ್ಯ ಅವನಲ್ಲಿರಲಿಲ್ಲ. "ಮಾರ್ಕೆಟಿಂದು ಆಂಟಿ. ನಂಗೆ ಗಾಳ ಹಿಡೀಲಿಕ್ಕೇ ಗೊತ್ತಿಲ್ಲ."

ಶೀಲಾವತಿ ತುಂಡನ್ನು ಹೆಬ್ಬೆರಳಲ್ಲಿ ಒತ್ತಿದರು, ಮೂಸಿದರು. "ಆರಿಸಿದ್ದು ಯಾರು?"

"ನಾನೇ."

"ಕಿವಿರು ನೋಡಿದ್ರಾ?"

"ದಾಸವಾಳದ ಹಾಗೆ ಕೆಂಪಿತ್ತು ಆಂಟಿ."

ಅವರು ಮಗಳ ಕಡೆ ತಿರುಗಿದರು. "ನಿನ್ನ ಅಪ್ಪನನ್ನು ಮದುವೆಯಾದ ದಿನದಿಂದ ಮಾರ್ಕೆಟಿಗೆ ಕಳಿಸ್ತಾ ಇದ್ದೇನೆ. ಇವತ್ತಿನವರೆಗೆ ಕೊಳೆತದ್ದು ಬಿಟ್ಟು ಬೇರೆ ತಂದವರಲ್ಲ. ಕಡಲಲ್ಲಿ ಹಿಡಿಯುವವ ನಮಗ್ಯಾಕೆ ಮಾರಾಯ್ತಿ? ನಮ್ಮ ಮನೆ ಕಡಲಲ್ಲಿ ಉಂಟಾ? ಚೆಂಬೂರಲ್ಲಿ ಉಂಟು."

ಪ್ರೀತಮನಿಗೆ ಉಸಿರು ಬಂತು. "ಹಾಗಾದ್ರೆ ಆಂಟಿ..."

"ಆಂಟಿ ಅಲ್ಲ, ಅತ್ತೆ. ಉಳಿದದ್ದು ಊಟಕ್ಕೆ ಕೂತು ಮಾತಾಡುವ. ಈಗ ಗಾಳ ಹಾಕು. ಸಾರಿಗೆ ತಲೆ ಬೇಕು, ಅದಿನ್ನೂ ಬರ್ಲಿಲ್ಲ."

ಹಿರಾಜಿ ದಾರದ ಸಿಕ್ಕು ಬಿಡಿಸಲು ಬಗ್ಗಿದ.