ಸುಟ್ಟ ಉಳಿಯ ಸಿಟ್ಟು

ನಾನು ಒಂದು ಉಳಿ. ಲೇತಿನ ಮೇಲೆ ತಿರುಗುವ ಮರವನ್ನು ಕಡೆದು ದುಂಡಗೆ ಮಾಡುವ ಉಳಿ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವ ಸಾಮಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನಿಂದ ಆ ಕೆಲಸವನ್ನೂ ಮಾಡಿಸಿದ ಮಹಾನುಭಾವನೊಬ್ಬನಿದ್ದಾನೆ. ಅವನನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹುಟ್ಟಿದ್ದು ಚನ್ನಪಟ್ಟಣದ ಒಂದು ಕುಲುಮೆಯಲ್ಲಿ. ಅದಕ್ಕೆ ಮೊದಲು ಲಾರಿಯೊಂದರ ಅಡಿಯಲ್ಲಿ ಕಮಾನು ಪಟ್ಟಿಯಾಗಿ ಜಲ್ಲಿಕಲ್ಲಿನ ಹೊರೆ ಹೊರುತ್ತಿದ್ದೆ. ಮುದ್ದಾಚಾರಿ ಎಂಬ ಕಮ್ಮಾರ ನನ್ನನ್ನು ತುಂಡು ಮಾಡಿ, ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿದ. ಚುರ್ರೆಂದ ಆ ಗಳಿಗೆಯಲ್ಲಿ ನನಗೆ ಹದ ಬಂತು. ಹದವೇ ನಮ್ಮ ಪ್ರಾಣ. ಅದು ಹೋದರೆ ನಾವು ತಗಡಿಗೆ ಸಮ. ಆಗ ನನ್ನ ಉದ್ದ, ಹಿಡಿಯನ್ನು ಬಿಟ್ಟು, ಹನ್ನೆರಡು ಬೆರಳು.

ನನ್ನನ್ನು ಮಾಡಿಸಿದ್ದು ದಸ್ತಗೀರ್ ಸಾಬರು. ಗೊಂಬೆ ಕಡೆಯುವವರು. ಅವರ ಕೈಯಲ್ಲಿ ಇಪ್ಪತ್ತೆಂಟು ವರ್ಷ ಇದ್ದೆ. ಬುಗುರಿ, ಗಿಲಕಿ, ತೊಟ್ಟಿಲ ಗುಬುಟು, ಲಟ್ಟಣಿಗೆ, ಏನೆಲ್ಲ ಕಡೆದೆವು! ಹಾಲೆ ಮರದ ಸಿಪ್ಪೆ ಬಿಳಿ ರಿಬ್ಬನ್ನಿನಂತೆ ನನ್ನ ಮೇಲೆ ಸುರುಳಿ ಸುತ್ತಿಕೊಂಡು ಏಳುತ್ತಿತ್ತು. ದಿನಾ ಬೆಳಿಗ್ಗೆ ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಜ್ಜುವರು. ನಾಲ್ಕು ಸಲ ಉಜ್ಜಿ, ನನ್ನ ಬೆನ್ನಿಗೆ ಬೆರಳಿಟ್ಟು ಬಿಸಿಯಾಗಿದೆಯೇ ಎಂದು ನೋಡುವರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಸವೆದದ್ದು ಬರೀ ನಾಲ್ಕು ಬೆರಳು.

ಆಮೇಲೆ ಸಾಬರಿಗೆ ಲಕ್ವ ಹೊಡೆಯಿತು. ಬಲಗೈ ನಡುಗತೊಡಗಿತು. ಪಕ್ಕದ ಲೇತಿನಲ್ಲಿ ಮಗಳು ತಸ್ಲೀಮ ಕೆಲಸ ಮಾಡುತ್ತಿದ್ದಳು. ಅವಳಿಗೆ ಅವಳದೇ ಉಳಿಗಳಿದ್ದವು. ನಾನು ಗೋಡೆಯ ಮೊಳೆಗೆ ನೇತುಬಿದ್ದೆ.

ಆಗ ಬಂದವನೇ ಮಂಚೇಗೌಡ. ಮದ್ದೂರಿನವನು, ಬಸ್ ಕಂಡಕ್ಟರ್, ನಲವತ್ತೇಳು ದಾಟಿದವನು. ಸಾಬರು ಅವನ ಬಸ್ಸಿನ ಹಳೆಯ ಪ್ರಯಾಣಿಕರು. ಪರಿಚಯ ಹಿಡಿದು ಒಂದು ಭಾನುವಾರ ಬಂದು ಕುಳಿತ.

"ಸಾಬ್ರೇ, ವಾರವೆಲ್ಲ ರೈಟ್ ರೈಟ್ ಅಂದು ತಲೆ ಕೆಟ್ಟೋಗೈತೆ. ಭಾನುವಾರ ಒಂದಿನ ಮರ ಕಡ್ಯೋದ್ ಕಲಿಬೇಕು ಅಂತ ಆಸೆ."

ಸಾಬರು ನನ್ನನ್ನು ಮೊಳೆಯಿಂದ ಇಳಿಸಿದರು. ಕೊಡುವ ಮೊದಲು ಸ್ವಲ್ಪ ಹೊತ್ತು ಹಿಡಿದೇ ಇದ್ದರು.

"ತಗೋಪ್ಪಾ. ನೀರಿಲ್ದೆ ಸಾಣೆ ಹಿಡೀಬೇಡ, ಅಷ್ಟೇ ನಾನು ಕೇಳೋದು. ಒಂದು ಲಟ್ಟಣಿಗೆ ಕಡ್ದು ತಾ. ನೆಲದ ಮೇಲೆ ನೆಟ್ಟಗೆ ಉರುಳಬೇಕು. ಆಗ ಮುಂದಿನ ಪಾಠ ಹೇಳ್ತೀನಿ."

ಮಂಚೇಗೌಡ ಹೊಸ ಲೇತ್ ತಂದ. ಏಪ್ರನ್ ತಂದ, ಕಣ್ಣಿಗೆ ಕನ್ನಡಕ ತಂದ. ನನ್ನನ್ನು ಖಡ್ಗದಂತೆ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು ಡಿಪೋದವರಿಗೆಲ್ಲ ಕಳಿಸಿದ. ಕೆಲಸ ಮಾತ್ರ ಬರಲಿಲ್ಲ. ಬರುವುದು ಹೇಗೆ? ಮರಕ್ಕೆ ನನ್ನನ್ನು ತಾಗಿಸಬೇಕು. ಇವನು ತುಂಬಿದ ಬಸ್ಸಿನಲ್ಲಿ ಜನರನ್ನು ಒಳಕ್ಕೆ ತಳ್ಳುವ ಹಾಗೆ ತಳ್ಳುತ್ತಿದ್ದ. ಅವನ ಹೆಂಡತಿ ಕೋಮಲಾ ಮೊದಲ ಲಟ್ಟಣಿಗೆಯನ್ನು ತಿರುಗಿಸಿ ನೋಡಿದಳು.

"ಏನ್ರೀ ಇದು, ನಡುಮಧ್ಯ ಹೊಟ್ಟೆ ಬಂದೈತೆ? ಥೇಟ್ ನಿಮ್ಮಂಗೇ ಅದೆ."

ಆ ಹೆಣ್ಣುಮಗಳ ಮಾತಿಗೆ ಮಾತ್ರ ನಾನು ಆ ಮನೆಯಲ್ಲಿ ನಕ್ಕಿದ್ದು.

ತನ್ನ ಕೈಯದು ತಪ್ಪು ಎಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಮೊಂಡ ಎಂದ. ಕಲ್ಲಿಗೆ ನೀರು ಹಾಕಿ ಉಜ್ಜುವ ತಾಳ್ಮೆ ಯಾರಿಗಿದೆ? ಕರೆಂಟಿನ ಸಾಣೆಯಂತ್ರ ತಂದು ನನ್ನನ್ನು ನೀರಿಲ್ಲದೆ ಅದರ ಒಣ ಕಲ್ಲಿಗೆ ಒತ್ತಿದ. ಕಿಡಿಗಳು ಅಂಗಳದ ತುಂಬ ಹಾರಿದವು.

"ನೋಡೇ ಕೋಮಲಾ, ದೀಪಾವಳಿ!"

ದೀಪಾವಳಿಯಂತೆ! ಹಾರುತ್ತಿದ್ದದ್ದು ನನ್ನ ಮೈ, ಮೂರ್ಖಾ! ತುದಿ ನೀಲಿಯಾಯಿತು. ನೀಲಿಯಾದರೆ ಹದ ಸುಟ್ಟಿತೆಂದು ಅರ್ಥ, ಚನ್ನಪಟ್ಟಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇವನು ಹಿಗ್ಗಿದ. "ನವಿಲಿನ ಬಣ್ಣ ಬಂತು, ಒಳ್ಳೇ ಸ್ಟೀಲು" ಎಂದ. ಹದ ಹೋದ ಅಂಚು ಎರಡು ನಿಮಿಷಕ್ಕೆ ಮೊಂಡಾಗುವುದು, ಮತ್ತೆ ಒಣಸಾಣೆ, ಮತ್ತೆ ನೀಲಿ. ನಡುವೆ ಬಿಡುವಾದಾಗ ಬಣ್ಣದ ಡಬ್ಬಿಯ ಮುಚ್ಚಳಕ್ಕೂ ನನ್ನನ್ನೇ ಹಾಕಿದ. ಒಂದು ಸಲ ನಾನು ಮರಕ್ಕೆ ಕಚ್ಚಿಕೊಂಡೆ. ಮರದ ತುಂಡು ಸಿಡಿದು ಹೋಗಿ ತುಳಸಿ ಕುಂಡ ಒಡೆಯಿತು. ಆಗ ಅವನು ಅಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಸಾಬ್ರು ಗುಜರಿ ಕೊಟ್ಟು ಟೋಪಿ ಹಾಕವ್ರೆ."

ಒಂದು ವರ್ಷದ ಭಾನುವಾರಗಳಲ್ಲಿ ನಾನು ಮೂರು ಬೆರಳು ಸವೆದೆ. ಎಂಟು ಐದಾಯಿತು. ಇನ್ನೊಂದೆರಡು ವರ್ಷ ಹೀಗೇ ಹೋದರೆ ಹಿಡಿ ಮಾತ್ರ ಉಳಿಯುತ್ತಿತ್ತು. ಲಟ್ಟಣಿಗೆ ಮಾತ್ರ ಒಂದೂ ನೆಟ್ಟಗಾಗಲಿಲ್ಲ.

ಅಷ್ಟರಲ್ಲಿ ಸಾಬರು ಬಸ್ಸಿನಲ್ಲಿ ಸಿಕ್ಕಿ, "ಆಯ್ತೇನಪ್ಪಾ ಲಟ್ಟಣಿಗೆ?" ಎಂದು ಕೇಳಿದರಂತೆ. ತುಂಬಿದ ಬಸ್ಸಿನಲ್ಲಿ ಇಲ್ಲ ಎನ್ನಲು ಇವನಿಗೆ ನಾಚಿಕೆ. "ಆಗೋಯ್ತು, ಈ ಭಾನುವಾರ ತರ್ತೀನಿ" ಎಂದುಬಿಟ್ಟ. ಶನಿವಾರ ಮದ್ದೂರಿನ ಸಂತೆಯಲ್ಲಿ ಒಂದು ಲಟ್ಟಣಿಗೆ ಕೊಂಡ. ಅಂಗಡಿಯ ಹೊಳಪು ಹೋಗಲೆಂದು ಉಪ್ಪುಕಾಗದ ಹಾಕಿ ತಿಕ್ಕಿದ. ಅದನ್ನೂ ನನ್ನನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ಹೊರಟ. ಸುಳ್ಳಿನ ಪಕ್ಕ ಮಲಗಿ ಪ್ರಯಾಣ ಮಾಡಿದೆ ನಾನು.

ಸಾಬರು ಲಟ್ಟಣಿಗೆಯನ್ನು ನೆಲದ ಮೇಲೆ ಬಿಟ್ಟರು. ಅದು ದಾರ ಹಿಡಿದಂತೆ ನೆಟ್ಟಗೆ ಉರುಳಿ ಗೋಡೆ ಮುಟ್ಟಿತು. ಎತ್ತಿಕೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಅಲ್ಲಿ ಉಗುರಿನ ಅಂಚಿನಷ್ಟು ತೆಳುವಾದ ಮೂರು ಗೆರೆಗಳಿದ್ದವು. ಕಡೆಯುವವರು ಒಬ್ಬೊಬ್ಬರೂ ಒಂದೊಂದು ಗುರುತು ಇಡುತ್ತಾರೆ. ಉಪ್ಪುಕಾಗದಕ್ಕೆ ಅಳಿಯುವಂಥದ್ದಲ್ಲ ಅದು.

"ತಸ್ಲೀಮ, ಬಾರಮ್ಮ. ನಿನ್ ಲಟ್ಟಣಿಗೆ ಊರೆಲ್ಲ ಸುತ್ತಿ ಮನೆಗೆ ಬಂದೈತೆ."

ತಸ್ಲೀಮ ನೋಡಿದಳು. "ಹೌದಬ್ಬಾ. ಹೋದ ತಿಂಗಳ ಲೋಡಿನದು. ಯಾಕಣ್ಣಾ, ಚೆನ್ನಾಗಿಲ್ವಾ? ವಾಪಸ್ ಕೊಡಕ್ಕೆ ಬಂದ್ರಾ?"

ಮಂಚೇಗೌಡ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದ. ಸಾಬರು ಕೈ ಚಾಚಿದರು. "ಉಳಿ ಕೊಡು."

ಅವನು ಕೊಟ್ಟ. ಸಾಬರ ನಡುಗುವ ಕೈಯಲ್ಲಿ ನಾನೂ ನಡುಗಿದೆ. ಅವರು ನನ್ನ ಉದ್ದಕ್ಕೆ ಬೆರಳಿಟ್ಟು ಅಳೆದರು. ಮತ್ತೊಮ್ಮೆ ಅಳೆದರು. ಇಪ್ಪತ್ತೆಂಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅಂದೇ.

"ಸುಳ್ಳು ಹೇಳ್ದೆ, ಹೋಗ್ಲಿ. ಲಟ್ಟಣಿಗೆ ಬರಲಿಲ್ಲ, ಹೋಗ್ಲಿ. ಇದನ್ನ ಯಾಕೋ ಸುಟ್ಟೆ? ನನ್ ಕೈ ಅಲ್ವೇನೋ ಇದು? ನನಗಿದ್ದ ಕೈ ಇದೊಂದೇ ಅಲ್ವೇನೋ!"

ಅವನು ತಲೆ ತಗ್ಗಿಸಿ ಎದ್ದು ಹೋದ. ಮುದ್ದಾಚಾರಿ ತೀರಿಕೊಂಡಿದ್ದ, ಮತ್ತೆ ಹದ ಕೊಡುವವರಿರಲಿಲ್ಲ. ತಸ್ಲೀಮ ಸುಟ್ಟ ತುದಿಯನ್ನು ಮುರಿದು ಹಾಕಿದಳು. ಉಳಿದದ್ದು ನಾಲ್ಕು ಬೆರಳು. ಲೇತಿಗೆ ನಿಲುಕದಷ್ಟು ಮೋಟು. ಮೂಲೆಯ ಡಬ್ಬಿಯಲ್ಲಿ ಬಿದ್ದೆ.

ಮೂರು ವಾರದ ಮೇಲೆ, ಒಂದು ಭಾನುವಾರ, ಮಂಚೇಗೌಡ ಮತ್ತೆ ಬಂದ. ಏಪ್ರನ್ ಇರಲಿಲ್ಲ, ಚೀಲವೂ ಇರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಸಾಬರು ಡಬ್ಬಿಯಿಂದ ನನ್ನನ್ನು ತೆಗೆದು, ಸಾಣೆಕಲ್ಲು ಮತ್ತು ಒಂದು ಚೊಂಬು ನೀರಿನ ಪಕ್ಕ ಇಟ್ಟರು.

"ಉಜ್ಜು."

ಅಂದಿನಿಂದ ಹನ್ನೊಂದು ಭಾನುವಾರ ಕಳೆದಿವೆ. ಲೇತ್ ಮುಟ್ಟಲು ಅವನಿಗೆ ಅಪ್ಪಣೆಯಿಲ್ಲ. ನನ್ನನ್ನು ಉಜ್ಜುವುದೇ ಅವನ ಪಾಠ. ಅವನು ಕಲಿಯುವ ಹೊತ್ತಿಗೆ ನಾನು ಮುಗಿದಿರುತ್ತೇನೆ, ಅದು ನನಗೆ ಗೊತ್ತು. ಸವೆಯುವುದಕ್ಕೆ ನನ್ನ ತಕರಾರಿಲ್ಲ, ಸವೆಯಲೆಂದೇ ಹುಟ್ಟಿದವನು ನಾನು. ಸುಟ್ಟದ್ದಕ್ಕೆ ನನ್ನ ಸಿಟ್ಟು. ಅದು ಇಳಿದಿಲ್ಲ, ಇಳಿಯುವುದೂ ಬೇಡ.

ಆದರೆ ಕಂಡದ್ದನ್ನು ಹೇಳಬೇಕು. ಕಳೆದ ಭಾನುವಾರ ಸಾಬರು ಒಳಗೆ ನಮಾಜಿಗೆ ಹೋಗಿದ್ದರು. ತಸ್ಲೀಮ ಬೆನ್ನು ಹಾಕಿ ಕುಳಿತಿದ್ದಳು. ನೋಡುವವರು ಯಾರೂ ಇರಲಿಲ್ಲ. ಮಂಚೇಗೌಡ ನಾಲ್ಕು ಸಲ ಉಜ್ಜಿದ. ನಿಲ್ಲಿಸಿದ. ನನ್ನ ಬೆನ್ನಿಗೆ ಬೆರಳಿಟ್ಟು ನೋಡಿದ.